ಹುಬ್ಬು ಗಂಟಿಕ್ಕಿದವನು

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ಬೈಂಡಿಂಗ್ ಮಾಡುವವನು ಅವಳನ್ನು ಮೊದಲ ಸಲ ನೋಡಿದ್ದೇ ಗದರುವುದಕ್ಕೆ.

"ಮುಟ್ಬೇಡಿ! ಅಂಟು ಇನ್ನೂ ಹಸಿ ಇದೆ."

ಹೊಸದಾಗಿ ಕೆಲಸಕ್ಕೆ ಸೇರಿದ್ದ ಲೈಬ್ರೇರಿಯನ್ ಥಟ್ಟನೆ ಕೈ ಹಿಂದೆಗೆದಳು. ಕಣ್ಣು ಮಾತ್ರ ಅಲ್ಲೇ ನಿಂತಿತು. ಗಂಟಿಕ್ಕಿದ ಹುಬ್ಬು, ಹಣೆಗೆ ಬಿದ್ದ ಕೂದಲು, ಕಿಟಕಿಯ ಬಿಸಿಲಿಗೆ ಅರ್ಧ ಬೆಳಗಿದ ಮುಖ. ಹದಿಹರೆಯದಿಂದ ಅವಳು ಓದಿ ಓದಿ ನಿಟ್ಟುಸಿರಿಟ್ಟ ಹಳೆಯ ಇಂಗ್ಲಿಷ್ ಕಾದಂಬರಿಗಳ ನಾಯಕರೆಲ್ಲ ಹೀಗೇ ಇದ್ದರು: ಕಪ್ಪು ಕುದುರೆ, ಒರಟು ಮಾತು, ಒಳಗೆಲ್ಲೋ ಯಾರಿಗೂ ಹೇಳದ ನೋವು. ಇವನಿಗೆ ಕುದುರೆಯಿರಲಿಲ್ಲ, ಸೈಕಲ್ ಇತ್ತು.

"ಪಾಪ, ಏನೋ ದೊಡ್ಡ ದುಃಖ ಇರ್ಬೇಕು ಕಣೇ," ಎಂದಳು ಮನೆಯಲ್ಲಿ.

"ಅಕ್ಕಾ, ಸಿಡುಕನಿಗೆ ಕಾದಂಬರಿ ಹೊದಿಸ್ಬೇಡ," ಎಂದು ತಂಗಿ ನಕ್ಕಳು.

ಕೇಳುವವಳೇ ಅವಳು? ಮಧ್ಯಾಹ್ನವಾದರೆ ಚಹಾ ಹಿಡಿದು ಆ ಕೋಣೆಗೆ ಹೋಗತೊಡಗಿದಳು. ಅವನು ಹಾಳೆ ಹೊಲಿಯುತ್ತಾ ಓರೆಗಣ್ಣಲ್ಲಿ ನೋಡುವನು. ಸಿಕ್ಕಿಬಿದ್ದರೆ ಸೂಜಿಗೆ ದಾರ ಪೋಣಿಸುವವನಂತೆ ನಟಿಸುವನು. ಆ ಒಂದು ನೋಟಕ್ಕೆ ಅವಳ ಸಂಜೆಯೆಲ್ಲ ತೇಲಿಹೋಗುತ್ತಿತ್ತು.

ಒಂದು ದಿನ ಅವಳು ಅಲ್ಲಿದ್ದಾಗಲೇ ಅಜ್ಜಿಯೊಬ್ಬರು ತೀರಿಹೋದ ಗಂಡನ ಹರಿದ ಪುಸ್ತಕ ತಂದರು. "ಸ್ವಲ್ಪ ಬೇಗ ಆಗುತ್ತೇನಪ್ಪಾ?"

"ಅವಸರ ಇದ್ರೆ ಬೇರೆ ಕಡೆ ಹೋಗಿ," ಎಂದು ಅವನು ಪುಸ್ತಕವನ್ನು ಆಚೆ ತಳ್ಳಿದ. ಅಜ್ಜಿ ಅದನ್ನು ಎದೆಗವಚಿಕೊಂಡು, ಕಣ್ಣೊರೆಸುತ್ತಾ ಹೊರಟುಹೋದರು.

"ಯಾಕಿಷ್ಟು ಕೋಪ? ನಿಮಗೇನು ನೋವಾಗಿದೆ, ಹೇಳಿ," ಎಂದಳು ಅವಳು.

"ನೋವೂ ಇಲ್ಲ ಗೀವೂ ಇಲ್ಲ. ಗದರಿದ್ರೆ ಜನ ದೂರ ಇರ್ತಾರೆ. ಅದೇ ಅಭ್ಯಾಸ ಆಗಿದೆ."

ಅವಳ ಎದೆಯೊಳಗೆ ಎಷ್ಟೋ ದೀಪಗಳು ಒಮ್ಮೆಗೇ ಆರಿದವು.

"ಕಾದಂಬರಿ ಆಗಿದ್ರೆ ನಿಮ್ಮನ್ನ ಕ್ಷಮಿಸಿಬಿಡ್ತಿದ್ದೆ. ಆದ್ರೆ ಈಗ ಅತ್ತಿದ್ದು ನಿಜವಾದ ಅಜ್ಜಿ."

ಆಮೇಲೆ ಅವಳು ಆ ಕೋಣೆಯತ್ತ ತಲೆಹಾಕಲಿಲ್ಲ.

ವಾರ ಕಳೆದು ಒಂದು ಸಂಜೆ, ಓದುಗರೆಲ್ಲ ಹೋದ ಮೇಲೆ, ಅವನೇ ಅವಳ ಕೌಂಟರ್ ಮುಂದೆ ಬಂದು ನಿಂತ.

"ಅಜ್ಜಿ ಮನೆ ಹುಡುಕ್ಕೊಂಡು ಹೋಗಿದ್ದೆ. ತಪ್ಪಾಯ್ತು ಅಂದೆ."

"ಏನಂದ್ರು?"

"ಚೆನ್ನಾಗಿ ಬೈದ್ರು. ಆಮೇಲೆ ಪುಸ್ತಕ ಕೊಟ್ರು."

ಅವಳು ತುಟಿ ಕಚ್ಚಿ ನಗು ತಡೆದಳು.

"ನಾನೇನು ಒಂದೇ ಸಲಕ್ಕೆ ಒಳ್ಳೆಯವನಾಗ್ಬಿಟ್ಟಿಲ್ಲ. ನಾಳೆ ಮತ್ತೆ ಸಿಡುಕ್ತೀನೇನೋ. ಆಗ ನೀವು ಬಿಡ್ಬೇಡಿ, ಬೈರಿ. ಆದ್ರೆ ಬರದೇ ಮಾತ್ರ ಇರ್ಬೇಡಿ."

"ಯಾಕೆ?" ಗೊತ್ತಿದ್ದೂ ಕೇಳಿದಳು.

ಅವನ ಕಿವಿ ಕೆಂಪಾಯಿತು. "ನಿಮ್ಮನ್ನ ಕಂಡ್ರೆ ನಂಗೆ ಇಷ್ಟ. ತುಂಬಾ."

"ಇನ್ನೊಂದ್ಸಲ ಹೇಳಿ."

ಅವನು ಹೇಳಿದ. ಎಷ್ಟು ಮೆಲ್ಲಗೆ ಹೇಳಿದನೆಂದರೆ, ಕೇಳಿಸಿಕೊಳ್ಳಲು ಅವಳು ಕೌಂಟರ್ ದಾಟಿ ಅವನ ಹತ್ತಿರಕ್ಕೇ ಹೋಗಬೇಕಾಯಿತು.