ಸತ್ತವರನ್ನು ತಡೆದ ಮರ

"ಆ ಪೈನ್ ಮರಕ್ಕೆ ಮಾತ್ರ ಚಾಕು ಮುಟ್ಟಿಸಬೇಡ ಪುಣ್ಯಾತ್ಮ," ಎಂದಳು ಇಂಪಿ ಮುದುಕಿ.

"ಮುಟ್ಟಿಸಿದ್ರೆ ಏನಾಗುತ್ತೆ ಅಜ್ಜಿ? ಮರ ಅಳುತ್ತಾ?" ಇಲ್ಪೊ ನಕ್ಕ.

"ಅಳೋನು ನೀನು." ಹಾಲಿನ ಕ್ಯಾನನ್ನು ಅವನ ಕೈಗಿಟ್ಟು ಅವಳು ಒಳಗೆ ಹೋದಳು.

ಬೇಸಿಗೆಗೆ ನಮ್ಮ ಸರೋವರದ ಸೀಮೆಗೆ ಬರುವ ಪಟ್ಟಣದವರ ಹಣೆಬರಹವೇ ಇಷ್ಟು. ಮುಚ್ಚಿದ ತಾಮ್ರದ ಗಣಿಯ ಬಾಯಲ್ಲಿ ನಿಂತು ಫೋಟೋ ಹೊಡೆಸಿಕೊಳ್ಳುತ್ತಾರೆ, ದಿಮ್ಮಿ ತೇಲಿಸುತ್ತಿದ್ದವರ ತುಕ್ಕು ಹಿಡಿದ ಕೊಕ್ಕೆಗಳನ್ನು ಎತ್ತಿ ತೂಕ ನೋಡುತ್ತಾರೆ, ನಾವು ಹೇಳಿದ ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇಲ್ಪೊ ಟುರ್ಕು ಪಟ್ಟಣದಲ್ಲಿ ಕನ್ನಡಕ ಮಾರುವವನು. ಹೆಂಡತಿ ತೀರಿಕೊಂಡ ಮೇಲೆ ಪುಟ್ಟ ಮಗಳು ವೆನ್ಲಾ ಬಿಟ್ಟರೆ ಅವನಿಗೆ ಯಾರೂ ಇರಲಿಲ್ಲ. ಅವನು ಬಾಡಿಗೆಗೆ ಹಿಡಿದ ಮನೆ ಭೂಶಿರದ ತುದಿಯಲ್ಲಿತ್ತು. ಅಲ್ಲಿಂದ ಊರಿಗೆ ಬರಬೇಕಾದರೆ ಮೊದಲು ಸ್ಮಶಾನ, ಆಮೇಲೆ ಎರಡು ಸರೋವರಗಳ ನಡುವಿನ ಇಕ್ಕಟ್ಟು ದಿಬ್ಬ, ದಿಬ್ಬದ ಮೇಲೆ ಆ ಮರ, ಅದನ್ನು ದಾಟಿದರೆ ಇಂಪಿಯ ಮನೆ. ಬೇರೆ ದಾರಿಯಿಲ್ಲ.

ಆ ಮರಕ್ಕೆ ನಾವು ಕರ್ಸಿಕ್ಕೊ ಅನ್ನುತ್ತೇವೆ. ಶವಪೆಟ್ಟಿಗೆ ಹೊತ್ತವರು ಅಲ್ಲಿ ನಿಲ್ಲಬೇಕು. ಒಂದು ಕೊಂಬೆ ಕಡಿದು, ಸತ್ತವರ ಹೆಸರಿನ ಮೊದಲ ಅಕ್ಷರಗಳನ್ನೂ ಹುಟ್ಟಿದ, ಸತ್ತ ವರ್ಷಗಳನ್ನೂ ಕಾಂಡದಲ್ಲಿ ಕೆತ್ತಿ, ಒಂದೊಂದು ಗುಟುಕು ಹೆಂಡ ಕುಡಿದು ಮುಂದೆ ಹೋಗಬೇಕು. ಗೋರಿಯಿಂದ ಎದ್ದು ಮನೆಯ ಕಡೆ ಹೊರಟವರು ಅಲ್ಲಿ ತಮ್ಮ ಹೆಸರು ಓದುತ್ತಾರೆ. ತಾವು ಸತ್ತದ್ದು ನೆನಪಾಗುತ್ತದೆ. ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ.

ಇದನ್ನೆಲ್ಲ ಇಂಪಿ ಬಿಡಿಸಿ ಹೇಳಿದ್ದಳು. ಆದರೂ ಆ ಸಂಜೆ ವೆನ್ಲಾ "ಅಪ್ಪಾ, ನನ್ ಹೆಸರೂ ಬರಿ" ಎಂದು ತೋಳಿಗೆ ಜೋತುಬಿದ್ದಾಗ ಇಲ್ಪೊ ಚಾಕು ತೆಗೆದ. ಮಗಳ ಹೆಸರಿನ ಅಕ್ಷರ ಕೆತ್ತಿದ, ಹುಟ್ಟಿದ ವರ್ಷ ಕೆತ್ತಿದ. ಮರದ ಅಂಟಿನ ಘಾಟು ಮೂಗಿಗೆ ಹೊಡೆಯಿತು. "ಮುದುಕಿ ನೋಡಿದ್ರೆ ಬೈತಾಳೆ, ಓಡು," ಎಂದು ಮಗಳನ್ನು ಹೆಗಲಿಗೇರಿಸಿಕೊಂಡು ಹೋದ.

ಬೆಳಿಗ್ಗೆ ಟುರ್ಕುವಿಗೆ ಹೊರಟರು. ಹಿಂದಿನ ಸೀಟಿನಲ್ಲಿ ವೆನ್ಲಾ ಹಾಡುತ್ತಿದ್ದಳು. ಕಾರು ಮರ ದಾಟಿತು. ಹಾಡು ನಿಂತಿತು.

ಇಲ್ಪೊ ತಿರುಗಿ ನೋಡಿದ. ಮಗಳ ತುಟಿ ನೀಲಿಗಟ್ಟಿತ್ತು. ಕಣ್ಣು ತೆರೆದೇ ಇತ್ತು. ಕೈ ತಣ್ಣಗೆ. ಉಸಿರಿಲ್ಲ. ಏನು ಮಾಡುತ್ತಿದ್ದೇನೆಂದು ತಿಳಿಯದೆ ಅವನು ಕಾರನ್ನು ಹಿಂದಕ್ಕೆ ಓಡಿಸಿದ. ಮರದ ಆಚೆ, ಸ್ಮಶಾನದ ಕಡೆಗೆ, ಬಂದದ್ದೇ ವೆನ್ಲಾ ಕೆಮ್ಮಿದಳು. "ಯಾಕಪ್ಪಾ ವಾಪಸ್ ಬಂದ್ವಿ?"

ಎತ್ತಿಕೊಂಡು ನಡೆದು ನೋಡಿದ. ಅದೇ. ದೋಣಿಯಲ್ಲಿ ಸುತ್ತಿ ಬರಲು ನೋಡಿದ. ಮರದ ನೇರಕ್ಕೆ ಬಂದೊಡನೆ ಮಗು ತೊಡೆಯ ಮೇಲೆ ಮರಗಟ್ಟಿತು. ಮರದ ಹತ್ತಿರ ಹೋದ. ತಾನು ಕೆತ್ತಿದ ವರ್ಷದ ಕೆಳಗೆ ಇನ್ನೊಂದು ವರ್ಷ ಮೂಡಿತ್ತು. ಈ ವರ್ಷ. ಗಾಯ ಹಸಿಯಾಗಿತ್ತು, ಅಂಟು ಇನ್ನೂ ಇಳಿಯುತ್ತಿತ್ತು. ಅದನ್ನು ಕೆರೆದು ಹಾಕಲು ಚಾಕುವಿನ ತುದಿ ಊರಿದ. ಹಿಂದೆ ವೆನ್ಲಾ ಎದೆ ಹಿಡಿದುಕೊಂಡು ಕಿರುಚಿದಳು.

ಆ ಕಿರುಚಾಟಕ್ಕೆ ಇಂಪಿ ಹೊರಗೆ ಬಂದಳು. ನೋಡಿದಳು. ಬೈಯಲಿಲ್ಲ.

"ಮರ ಕಡಿದ್ರೆ?" ಎಂದ ಇಲ್ಪೊ.

"ಹೆಸರು ಕೆರೆದ್ರೆ ಮಗೂಗೆ ನೋವು. ಬುಡ ಕಡಿದ್ರೆ ಮಗು ದಾಟುತ್ತೆ. ಅದರ ಹಿಂದೆ ಮಿಕ್ಕೋರೂ ದಾಟ್ತಾರೆ."

"ಮಿಕ್ಕೋರು ಎಲ್ಲಿಗೆ ಹೋಗ್ತಾರೆ?"

"ಹೊಗೆ ಏಳೋ ಮನೆಗೆ. ಊರಲ್ಲಿ ಒಲೆ ಉರಿಯೋದು ನನ್ನ ಮನೇಲಿ ಮಾತ್ರ."

ನಿಜ. ಗಣಿ ಮುಚ್ಚಿದ ಮೇಲೆ ನಾವೆಲ್ಲ ಗಂಟುಮೂಟೆ ಕಟ್ಟಿ ಸರೋವರದಾಚೆಯ ಊರುಗಳಿಗೆ ಬಂದೆವು. ಅವಳೊಬ್ಬಳನ್ನು ಬಿಟ್ಟು ಬಂದೆವು. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

"ನನ್ನ ಗಂಡ ಎಲ್ಯಾಸ್ ಗಣಿಯಲ್ಲಿ ಸತ್ತ," ಎಂದಳು ಇಂಪಿ. "ಅವನು ಕುಡಿದು ಬಂದ್ರೆ ನಾನು ಕೊಟ್ಟಿಗೇಲಿ ಹಸುವಿನ ಹಿಂದೆ ಅಡಗ್ತಿದ್ದೆ. ಅವನ ಹೆಸರು ಕೆತ್ತಿದ್ದು ನಾನೇ. ಅವತ್ತಿಂದ ಕಣ್ತುಂಬ ನಿದ್ದೆ ಮಾಡಿದೀನಿ."

"ನಮ್ಮ ಜೊತೆ ಬಂದ್ಬಿಡಿ ಅಜ್ಜಿ. ನನ್ನ ಮನೇಲೇ ಇರಿ. ಮಗಳ ಮೇಲಾಣೆ."

ಮುದುಕಿ ವೆನ್ಲಾಳನ್ನು ನೋಡಿದಳು. ಆಮೇಲೆ ಒಳಗಿನಿಂದ ಇಬ್ಬರು ಎಳೆಯುವ ಉದ್ದ ಗರಗಸ ತಂದಳು. "ಎಳಿ ಅಷ್ಟೇ, ತಳ್ಳಬೇಡ. ತಳ್ಳಿದ್ರೆ ಅಲಗು ಬಾಗುತ್ತೆ. ನನ್ನ ಸರದಿಗೆ ನಾನು ಎಳ್ಕೊಳ್ತೀನಿ."

ಗರಗಸ ಹಿಂದೆ ಮುಂದೆ ಓಡಿತು. ಹಸಿ ಹೊಟ್ಟು ಕಾಲ ಮೇಲೆ ಸುರಿಯಿತು. ಕಾಂಡದೊಳಗಿನಿಂದ ಬಂದದ್ದು ಮರದ ವಾಸನೆಯಲ್ಲ. ಒದ್ದೆ ಕಲ್ಲಿನ, ಕೊಳೆತ ಕಂಬಳಿಯ, ಗಣಿಯ ದೀಪದ ಘಾಟಿನ ವಾಸನೆ. ಹಕ್ಕಿಗಳು ಸುಮ್ಮನಾದವು. ನಡುಹಗಲು ಮಬ್ಬಾಯಿತು. ಮರ ನರಳಿ ಸರೋವರಕ್ಕೆ ಬಿತ್ತು.

ಇಲ್ಪೊ ಮಗಳನ್ನು ಬಾಚಿಕೊಂಡು ದಾಟಿದ. ಮಗು ಬೆಚ್ಚಗಿತ್ತು. ಉಸಿರಾಡುತ್ತಿತ್ತು. ಅವನು ಗೊಳೋ ಎಂದು ಅತ್ತುಬಿಟ್ಟ.

"ಹಸು ಬಿಚ್ಚಿ ಬರ್ತೀನಿ," ಎಂದಳು ಇಂಪಿ. "ನಿಂತಿರು ಮಗಾ."

ಅವನು ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಕಾರು ತಂದು ಇಂಪಿಯ ಅಂಗಳದಲ್ಲಿ ನಿಲ್ಲಿಸಿದ. ಸ್ಮಶಾನದ ಗೇಟು ಕಿರುಗುಟ್ಟಿತು. ದಿಬ್ಬದ ಮೇಲೆ ಬೂಟಿನ ಸದ್ದು. ಒಂದು ಜೋಡಿಯಲ್ಲ. ಕಾರಿನ ಕನ್ನಡಿಯಲ್ಲಿ ನೋಡಿದ. ಸಾಲಾಗಿ ಬರುತ್ತಿದ್ದರು. ಹಣೆಯ ದೀಪಗಳು ಆರಿದ್ದವು. ಮುಖದ ಜಾಗದಲ್ಲಿ ಮಣ್ಣು. ಎಲ್ಲರಿಗಿಂತ ಮುಂದಿದ್ದವನು ಮರದ ಬುಡದಲ್ಲಿ ನಿಂತ. ಓದಲು ಏನೂ ಇರಲಿಲ್ಲ. ತಲೆ ಎತ್ತಿ ಇಂಪಿಯ ಮನೆಯ ಹೊಗೆ ನೋಡಿದ. ಸೊಂಟದ ಬೆಲ್ಟು ಬಿಚ್ಚಿಕೊಳ್ಳುತ್ತ ದಾಟಿದ.

ಕೊಟ್ಟಿಗೆಯ ಬಾಗಿಲು ತೆರೆಯಿತು. ತಲೆಗೆ ಬಟ್ಟೆ ಕಟ್ಟಿಕೊಂಡು, ಕಂಕುಳಲ್ಲಿ ಗಂಟು ಹಿಡಿದು ಇಂಪಿ ಓಡಿ ಬಂದಳು. ಮಂಡಿನೋವಿನ ಓಟ. ಬೂಟುಗಳು ಬೇಲಿಯ ಹತ್ತಿರ ಬಂದಿದ್ದವು. ಅವಳ ಕೈ ಕಾರಿನ ಹಿಂಬಾಗಿಲ ಹಿಡಿಕೆ ಮುಟ್ಟಿತು.

"ಅಪ್ಪಾ, ಅಜ್ಜಿ ಬಂದ್ರು," ಎಂದಳು ವೆನ್ಲಾ.

ಇಲ್ಪೊ ಕೈ ಹಿಂದಕ್ಕೆ ಚಾಚಿ ಅದೇ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ.