ಇರಾವಲಿಯ ಮೂವತ್ತೊಂಬತ್ತನೆಯ ದಿನ

ಶನಿವಾರ ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ಯಾರೋ ನನ್ನ ಹೆಸರು ಹಿಡಿದು ಕರೆದರು. ನಮ್ಮ ಅಡುಗೆಮನೆಯ ಕಿಟಕಿಯೂ ಎದುರು ಮನೆಯ ಸಣ್ಣ ಕೋಣೆಯ ಕಿಟಕಿಯೂ ನೀರಿನ ಪೈಪುಗಳು ಇಳಿಯುವ ಒಂದೇ ಇಕ್ಕಟ್ಟಾದ ಸಂದಿಗೆ ತೆರೆದುಕೊಳ್ಳುತ್ತಿದ್ದವು. ಎದುರು ಕಿಟಕಿಯ ಸರಳುಗಳ ಹಿಂದೆ ಆ ಮನೆಯ ಕಿರಿಯ ಸೊಸೆ ಶೀತಲಳ ಮುಖವಿತ್ತು.

"ಗದಿಗೆಮ್ಮ, ಬಾಯಾರಿಗೆ ಹೇಳು. ಹೊರಗಿಂದ ಚಿಲಕ ಹಾಕ್ಯಾರ. ಅತ್ತಿ ಪಾಟ್ಲಿ ಕಳದಾವ, ನಾನ ತಗೊಂಡೀನಂತ. ಆರು ಗಂಟೆಕ್ಕ ನಮ್ಮಪ್ಪ ಬೀದರದಿಂದ ಬಂದು ಕರಕೊಂಡು ಹೋಗ್ತಾನ."

ಸೋಮವಾರ ಅವಳು ಗಚ್ಚಿಬೌಲಿಯ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಬೇಕಿತ್ತು. ಕಳ್ಳಿ ಎಂಬ ಹೆಸರು ಹೊತ್ತು ತವರಿಗೆ ಹೋದರೆ ಆ ಕೆಲಸವೂ ಇಲ್ಲ, ಈ ಮನೆಯೂ ಇಲ್ಲ. ಗಡಿಯಾರದಲ್ಲಿ ಮೂರು ಗಂಟೆಯಾಗಿತ್ತು.

ಬಾಯಾರು ಎಂದರೆ ಪ್ರಫುಲ್ಲಾಬಾಯಿಯವರು. ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ, ಕೆಟ್ಟು ವಾಪಸು ಬಂದ ಯಂತ್ರದ ಭಾಗಗಳು ಯಾಕೆ ಕೆಟ್ಟವು ಎಂದು ಹುಡುಕುವುದೇ ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ನಮ್ಮ ಕಟ್ಟಡದವರು ತಮ್ಮ ತಕರಾರುಗಳನ್ನು ಅವರ ಬಳಿಗೇ ತರುತ್ತಿದ್ದರು. ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟು ಅವರ ಮನೆಗೆ ಬಂದವಳು. ಅವರ ದೃಷ್ಟಿ ಮಂದವಾಗಿತ್ತು. ಅಡುಗೆಯ ಜೊತೆಗೆ, ಟಿವಿಯಲ್ಲಿ ಏನೇನು ಕಾಣುತ್ತಿದೆ ಎಂದು ಅವರಿಗೆ ಹೇಳುವುದೂ ನನ್ನ ಕೆಲಸವಾಗಿತ್ತು.

ಎದುರು ಮನೆಯ ವೈಜನಾಥ ಅದೇ ಕಾರ್ಖಾನೆಯಿಂದ ನಿವೃತ್ತರಾದವರು. ಸುದ್ದಿ ಕೇಳಿ ನನ್ನ ಭುಜ ಹಿಡಿದು ಬಂದ ಬಾಯಾರನ್ನು ಬಾಗಿಲಲ್ಲಿ ನಿಲ್ಲಿಸಲು ಅವರಿಗೆ ಮನಸ್ಸಾಗಲಿಲ್ಲ. ಪಡಸಾಲೆಯಲ್ಲಿ ಮಂಚದ ಮೇಲೆ ಅವರ ಹೆಂಡತಿ ಸಾವಿತ್ರಿಬಾಯಿ ಮಲಗಿದ್ದರು. ಮೂರು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಅವರ ಎಡಭಾಗಕ್ಕೆ ಸ್ಪರ್ಶವೇ ಇರಲಿಲ್ಲ. ಹಿರಿಯ ಸೊಸೆ ಕಾವ್ಯಾ ಅವರ ಬೆನ್ನಿಗೆ ಪುಡಿ ಹಚ್ಚುತ್ತಿದ್ದಳು. ಅವಳ ಗಂಡ ಪುಣೆಯಲ್ಲಿದ್ದ. ಕಿರಿಯ ಮಗ, ಶೀತಲಳ ಗಂಡ ಚೇತನಕುಮಾರ, ಗೋಡೆಗೆ ಒರಗಿ ನಿಂತಿದ್ದ.

ನಡೆದದ್ದನ್ನು ವೈಜನಾಥರೇ ಹೇಳಿದರು. ಸಾವಿತ್ರಿಬಾಯಿಯವರ ನಾಲ್ಕು ಪಾಟ್ಲಿಗಳು, ಅಂದರೆ ಚಿನ್ನದ ಅಗಲ ಬಳೆಗಳು, ಕಪಾಟಿನ ಡಬ್ಬಿಯಲ್ಲಿದ್ದವು. ಬೀಗದ ಕೈ ದೇವರ ಗೂಡಿನ ಮೊಳೆಗೆ ತೂಗುತ್ತಿತ್ತು, ಮನೆಯವರಿಗೆಲ್ಲ ಗೊತ್ತಿತ್ತು. ಬೆಳಿಗ್ಗೆ ಡಬ್ಬಿ ತೆರೆದರೆ ಪಾಟ್ಲಿಗಳಿಲ್ಲ, ಶೀತಲಳ ಕೈಬರಹದ ಒಂದು ಹಾಳೆ ಮಾತ್ರ ಇತ್ತು. ವೈಜನಾಥರು ಕಲಿತದ್ದು ಉರ್ದು ಶಾಲೆಯಲ್ಲಿ. ಕನ್ನಡ ಓದಲು ಬರುತ್ತಿರಲಿಲ್ಲ. ಬೆಳಿಗ್ಗೆ ಅದನ್ನು ಅವರಿಗೆ ಓದಿ ಹೇಳಿದ ಚೇತನಕುಮಾರನೇ ಈಗ ಬಾಯಾರಿಗೂ ಓದಿದ.

"ಕೈಯಲ್ಲಿದ್ದ ಬಂಗಾರವನ್ನು ಕಳಚಿಕೊಟ್ಟಾಯಿತು. ಇನ್ನು ಬಾಗಿಲು ತೆರೆಯುತ್ತದೆ. ಈ ಗೋಡೆಗಳು ನನ್ನವಲ್ಲ, ಇಲ್ಲಿಯ ಜನ ನನ್ನವರಲ್ಲ. ನನ್ನನ್ನು ಹುಡುಕಬೇಡಿ."

ಬಾಯಾರು ಕೇಳಿಕೊಂಡ ಮೇಲೆ ಶೀತಲಳ ಕೋಣೆಯ ಚಿಲಕ ತೆಗೆದರು. ಅವಳು ಎದೆಗೆ ಒಂದು ನೋಟುಬುಕ್ಕನ್ನು ಒತ್ತಿಕೊಂಡು ಬಂದಳು. ಅದು ನನ್ನ ಮಾತಲ್ಲ, ರಾಣಿ ಇರಾವಲಿಯದು ಎಂದಳು.

ಇರಾವಲಿ ಯಾರೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. 'ಮಂಜಿನ ಏಳು ಬಾಗಿಲು' ಎಂಬ ಆ ಮಾಯಾರಾಜ್ಯಗಳ ಧಾರಾವಾಹಿಯನ್ನು ನಮ್ಮ ಕಟ್ಟಡವೆಲ್ಲ ನೋಡಿತ್ತು. ಬಾಯಾರಿಗಾಗಿ ನಾನಂತೂ ಮೂರು ಸಲ ನೋಡಿದ್ದೆ. ಅದರಲ್ಲಿ ರಾಜ ತನ್ನ ಕಿರಿಯ ರಾಣಿಯನ್ನು ಗೋಪುರದಲ್ಲಿಟ್ಟು ಬಾಗಿಲು ಮುಚ್ಚಿಸುತ್ತಾನೆ. ನಲವತ್ತು ದಿನದ ಮೇಲೆ ತೆಗೆದರೆ ಒಳಗೆ ಯಾರೂ ಇರುವುದಿಲ್ಲ. ನಡುವೆ ಕತೆ ಯುದ್ಧದ ಕಡೆಗೆ ಹೋಗುತ್ತದೆ. ಆ ನಲವತ್ತು ದಿನ ಅವಳಿಗೆ ಏನಾಯಿತೆಂದು ಒಂದು ಮಾತೂ ಬರುವುದಿಲ್ಲ. ಶೀತಲ ಬರೆಯುತ್ತಿದ್ದುದು ಅದನ್ನೇ, ದಿನಕ್ಕೊಂದು ಅಧ್ಯಾಯದಂತೆ, ರಾಣಿಯ ಬಾಯಲ್ಲಿ. ಡಬ್ಬಿಯಲ್ಲಿ ಸಿಕ್ಕಿದ್ದು ಮೂವತ್ತೊಂಬತ್ತನೆಯ ದಿನದ ಕೊನೆಯ ಹಾಳೆ. ಕತೆಯನ್ನು ಇಂಟರ್ನೆಟ್ಟಿನಲ್ಲಿ ಎಲ್ಲೂ ಹಾಕಿಲ್ಲ, ಯಾರಿಗೂ ಹೇಳಿಲ್ಲ, ಮುಗಿದ ಮೇಲೆ ತೋರಿಸಬೇಕೆಂದಿದ್ದೆ ಎಂದು ಅವಳು ಹೇಳಿದಳು.

"ರಾಣಿನೂ ಇಲ್ಲ ಗೀಣಿನೂ ಇಲ್ಲ," ಎಂದರು ವೈಜನಾಥ. "ಸೋಮವಾರ ಹೊರಗ ಬೀಳಾಕಿ ಇದ್ಲು, ಚೀಟಿ ಬರದಿಟ್ಟಾಳ."

ನೋಟುಬುಕ್ಕನ್ನು ಯಾರು ಯಾರು ತೆರೆದು ನೋಡಿದ್ದೀರಿ ಎಂದು ಬಾಯಾರು ಒಬ್ಬೊಬ್ಬರನ್ನೇ ಕೇಳಿದರು. ಎಲ್ಲರೂ ಇಲ್ಲವೆಂದರು. ಚೇತನಕುಮಾರ ಹೆಂಡತಿಯ ಮುಖ ನೋಡದೆ ಮಾತಾಡಿದ. "ಬರೀತಾಳಂತ ಗೊತ್ತಿತ್ರಿ, ತೆರದಿಲ್ಲ. ಆ ರಾಣಿ ಕಿಡಕಿಯಿಂದ ಹೊಳಿಗೆ ಹಾರಿದ್ಲು ಅಂತ ನಾವೆಲ್ಲಾ ತಿಳಕೊಂಡೀವಿ. ಬಂಗಾರ ಯಾರಿಗೆ ಕೊಡ್ತಾಳರಿ ಆಕಿ?"

ಕಾವ್ಯಾ ತಲೆಯೆತ್ತಲಿಲ್ಲ. "ನನಗೆಲ್ಲಿ ಓದಾಕ ಪುರಸತ್ತು ಐತ್ರಿ? ರೊಟ್ಟಿ ಬಡಕೋತ ಸೀರಿಯಲ್ ನೋಡಿದ್ದ ಭಾಳ ಆತು. ಆ ರಾಣಿ ಒಂದು ಕುಂಟ ಗುಬ್ಬಿ ಜೋಡಿ ಮಾತಾಡ್ಕೋತ ನಲವತ್ತು ದಿನ ತಗದ್ಲು. ನಮ್ಮ ರಾಣಿಗೆ ಸೋಮವಾರದ ತನಕಾನೂ ತಡಿಯಾಕ ಆಗಲಿಲ್ಲ." ಆಮೇಲೆ ದನಿ ತಗ್ಗಿಸಿದಳು. "ಆದ್ರೂ ಮಾವಾರ, ತವರಿಗೆ ಯಾಕ ಕಳಸ್ತೀರಿ? ನೌಕರಿ ಬಿಟ್ಟು ಮನ್ಯಾಗ ಇರಲಿ, ಸಾಕು."

ಸಾವಿತ್ರಿಬಾಯಿಯವರ ಎಡಗಾಲಿನ ಕೆಳಗಿಟ್ಟಿದ್ದ ದಿಂಬು ಜಾರುತ್ತಿತ್ತು. ಸರಿಪಡಿಸಲೆಂದು ನಾನು ಕೈ ಚಾಚಿದೆ. ಕಾವ್ಯಾ ನನ್ನ ಮಣಿಕಟ್ಟು ಹಿಡಿದಳು. "ನೀ ಮುಟ್ಟಬ್ಯಾಡ. ಅವರ ಹಾಸಿಗಿ ನಾ ನೋಡ್ಕೋತೀನಿ."

ಬಾಯಾರು ನೀರು ಕುಡಿದು ಬರುವುದಾಗಿ ಹೇಳಿ ನನ್ನ ಭುಜ ಹಿಡಿದು ಹೊರಗೆ ಬಂದರು. ಮೆಟ್ಟಿಲ ಬಳಿ ನಿಂತು, "ಏನು ಕಂಡಿ ಹೇಳು," ಎಂದರು. ನಾನು ದಿಂಬಿನ ಸಂಗತಿ ಹೇಳಿದೆ. ಅವರು ಧಾರಾವಾಹಿಯ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದರು. ಉತ್ತರ ಕೇಳಿ, ಶೀತಲಳ ನೋಟುಬುಕ್ಕನ್ನು ತರಿಸಿ ನನ್ನಿಂದ ಪುಟಪುಟವಾಗಿ ಓದಿಸಿಕೊಂಡು, ಮತ್ತೆ ಒಳಗೆ ಹೋದರು. ಐದೂ ಮುಕ್ಕಾಲಾಗಿತ್ತು. ಎಲ್ಲರನ್ನೂ ಮಂಚದ ಸುತ್ತ ಕೂಡಿಸಿದರು.

"ಮೊದಲು ಹಾಳಿ ನೋಡೋಣು," ಎಂದು ಶುರುಮಾಡಿದರು. ನೋಟುಬುಕ್ಕಿನಲ್ಲಿ ಇನ್ನೂರು ಪುಟಗಳಿದ್ದವು. ಪ್ರತಿ ಪುಟದಲ್ಲೂ ಗೋಪುರ, ಕಾವಲುಗಾರ, ರಾಣಿ ಇದ್ದರು. ಆ ಯಾವುದೂ ಇಲ್ಲದೆ, ಮನೆ ಬಿಟ್ಟು ಹೋಗುವವಳ ಚೀಟಿಯಂತೆ ಕಾಣುವ ಪುಟ ಇದೊಂದೇ. ಕೈಗೆ ಸಿಕ್ಕ ಹಾಳೆ ಹರಿದವರಿಗೆ ಇದು ಸಿಗುತ್ತಿರಲಿಲ್ಲ. ಹರಿದವರು ಕತೆಯನ್ನು ಮೊದಲಿನಿಂದ ಓದಿರಲೇಬೇಕು.

"ವೈಜನಾಥರಿಗೆ ಕನ್ನಡ ಓದಾಕ ಬರೂದಿಲ್ಲ. ಚೇತನ ಓದಿದ್ರ, ರಾಣಿ ಹೊಳಿಗೆ ಹಾರಿದ್ಲು ಅಂತಿರಲಿಲ್ಲ. ಶೀತಲನ ಕತಿಯೊಳಗ ಆಕಿ ಬಂಗಾರ ಕೊಟ್ಟು ಬಾಗಿಲಿಂದ ಹೋಗ್ತಾಳ. ಶೀತಲ ತಾನ ಕದ್ದಿದ್ರ ತನ್ನ ಕೈಬರಹ ಡಬ್ಬ್ಯಾಗ ಇಟ್ಟು, ಅದ ಮನ್ಯಾಗ ಕೂಡ್ತಿದ್ದಿಲ್ಲ." ಬಾಯಾರು ಕಾವ್ಯಾ ಕೂತಿದ್ದ ಕಡೆಗೆ ತಿರುಗಿದರು. "ಕಾವ್ಯಾ, ಆ ಕುಂಟ ಗುಬ್ಬಿನ್ನ ಎಲ್ಲಿ ನೋಡಿದಿವಾ?"

"ಸೀರಿಯಲ್‌ನ್ಯಾಗರಿ."

"ಗದಿಗೆಮ್ಮ?"

ಎಲ್ಲರೂ ನನ್ನ ಕಡೆ ನೋಡಿದರು. "ಅದರಾಗ ಗುಬ್ಬಿ ಇಲ್ಲರಿ," ಎಂದೆ. "ಗೋಪುರದ ಒಳಗ ಏನೈತಿ ಅಂತ ಒಮ್ಮಿನೂ ತೋರಿಸಿಲ್ಲರಿ."

ಶೀತಲ ನೋಟುಬುಕ್ಕು ತೆರೆದು ಹನ್ನೆರಡನೆಯ ದಿನದ ಪುಟ ತೋರಿಸಿದಳು. ಕಾಲು ಮುರಿದ ಗುಬ್ಬಿ ಅಲ್ಲಿತ್ತು. ಓದಿ ಓದಿ ಮನಸ್ಸಿನಲ್ಲಿ ಕೂತದ್ದು ಯಾವುದು, ಕಣ್ಣಾರೆ ಕಂಡದ್ದು ಯಾವುದು ಎಂಬುದು ಕಾವ್ಯಾಳಿಗೇ ಮರೆತುಹೋಗಿತ್ತು.

"ಶೀತಲನ್ನ ತವರಿಗೆ ಕಳಸಬ್ಯಾಡ್ರಿ ಅಂದಾಕಿನೂ ನೀನೊಬ್ಬಾಕಿನ," ಎಂದರು ಬಾಯಾರು. "ನಿನಗ ಬಂಗಾರ ಬೇಕಾಗಿರಲಿಲ್ಲ, ಆಕಿ ನೌಕರಿ ತಪ್ಪಬೇಕಾಗಿತ್ತು, ಅಷ್ಟ. ಪಾಟ್ಲಿ ಮನಿ ಬಿಟ್ಟು ಹೋಗಿಲ್ಲ. ನಿನ್ನ ಬಿಟ್ಟು ಬ್ಯಾರೆಯವರು ಕೈ ಹಾಕದ ಜಾಗಾ ಒಂದ ಐತಿ. ಅಲ್ಲಿ ಒತ್ತಿದ್ರ ಸಾವಿತ್ರಿಬಾಯಿಗೂ ತಿಳಿಯೂದಿಲ್ಲ."

ಈ ಸಲ ದಿಂಬು ತೆಗೆಯುವಾಗ ನನ್ನ ಕೈಯನ್ನು ಯಾರೂ ಹಿಡಿಯಲಿಲ್ಲ. ಗವಸಿನೊಳಗೆ, ಚರ್ಮಕ್ಕೆ ಚುಚ್ಚದಂತೆ ದಪ್ಪ ಹತ್ತಿಯಲ್ಲಿ ಸುತ್ತಿದ ನಾಲ್ಕು ಪಾಟ್ಲಿಗಳಿದ್ದವು.

ಕಾವ್ಯಾ ನೆಲದ ಮೇಲೆ ಕುಳಿತುಬಿಟ್ಟಳು. "ಮಂಗಳವಾರ ನಾನ ಹುಡುಕಿ ಕೊಡಾಕಿ ಇದ್ದೆ. ಇಬ್ಬರಿದ್ರ ಒಬ್ಬಾಕಿ ಬಜಾರಕ್ಕರ ಹೋಗಿ ಬರಬಹುದು. ನಾ ಒಬ್ಬಾಕಿನ ಉಳದ್ರ?" ಶೀತಲಳ ಕಡೆ ನೋಡಿದಳು. "ದಿನಾ ಮಧ್ಯಾಹ್ನ ನಿನ್ನ ಕತಿ ಓದತಿದ್ದೆ ತಂಗಿ. ಆ ಗೋಪುರದಾಗ ಇರಾಕಿ ನಾನ ಅಂತ ತಿಳದಿದ್ದೆ. ಕಡೀಕ ನೋಡಿದ್ರ ಹೊರಗ ಹೋಗಾಕಿ ನೀನು."

ಬಾಗಿಲಲ್ಲಿ ಅವಳ ತಂದೆ ಚಪ್ಪಲಿ ಬಿಡುತ್ತಿದ್ದರು. ಚೇತನಕುಮಾರನೇ ಮುಂದೆ ಹೋಗಿ, ತಪ್ಪು ನಮ್ಮದು, ಯಾರೂ ಏನೂ ಕದ್ದಿಲ್ಲ ಎಂದು ಅವರ ಕೈ ಹಿಡಿದ.

ವೈಜನಾಥರು ಪಾಟ್ಲಿಗಳನ್ನು ಡಬ್ಬಿಗೆ ಹಾಕಿ ಕಪಾಟಿಗೆ ಬೀಗ ಹಾಕಿದರು. ಆಮೇಲೆ, ಕೆಲಸಕ್ಕೇನೋ ಹೋಗಲಿ, ಆದರೆ ಒಬ್ಬಳ ಕೈಯಲ್ಲಿ ಈ ಹಾಸಿಗೆ ಸಾಗುವುದಿಲ್ಲವಲ್ಲ ಎಂದು ಬಾಯಾರ ಕಡೆ ತಿರುಗಿದರು. "ನಿಮ್ಮ ಗದಿಗೆಮ್ಮನ್ನ ಹಗಲು ಹೊತ್ತಿನ್ಯಾಗ ಕಳಸ್ರಿ. ಇಲ್ಲಂದ್ರ ಸೋಮವಾರದ್ದು ಕಷ್ಟ ಐತಿ."

ಎಲ್ಲರ ಕಣ್ಣೂ ಮತ್ತೆ ನನ್ನ ಮೇಲೆ ಬಿದ್ದವು. ನಾನು ಹೂಂ ಎಂದರೆ ಶೀತಲ ಹೊರಗೆ ಹೋಗುತ್ತಿದ್ದಳು. ಬಾಯಾರು ನನ್ನ ಪರವಾಗಿ ಉತ್ತರ ಕೊಡುತ್ತಾರೆಂದು ಕಾದೆ. ಅವರೂ ನನ್ನ ಕಡೆಗೇ ಮುಖ ತಿರುಗಿಸಿದರು.

"ನಾ ಬರೂದಿಲ್ಲರಿ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ನೀವು ದಿನಾ ಮನ್ಯಾಗ ಇರ್ತೀರಲ್ಲರಿ."

ವೈಜನಾಥರ ಮುಖ ಕೆಂಪಾಯಿತು. ಆಗ ಮಂಚದಿಂದ ಒಂದು ವಿಚಿತ್ರ ಸದ್ದು ಬಂತು. ಸಾವಿತ್ರಿಬಾಯಿ ಅರ್ಧ ಮುಖದಲ್ಲಿ ನಗುತ್ತಿದ್ದರು.

"ಹುಡುಗಿ ಖರೆ ಅಂತೈತಿ," ಎಂದು ಒಂದೊಂದೇ ಶಬ್ದ ಜೋಡಿಸಿ ಹೇಳಿದರು. "ಸೋಮವಾರದಿಂದ ನೀವ ಮಾಡ್ರಿ. ಕಾವ್ಯಾ ಎಂಟು ದಿನ ತವರಿಗೆ ಹೋಗಿ ಬರಲಿ. ಬೈಯೂದು ಆಕಿ ಬಂದ ಮ್ಯಾಲೆ ಬೈತೀನಿ."

ವೈಜನಾಥರು ಎದ್ದರು. ಅಂಗಿಯ ತೋಳನ್ನು ಎರಡು ಸುತ್ತು ಮಡಚಿದರು, ಯಾರ ಕಡೆಗೂ ನೋಡದೆ ಕೇಳಿದರು: "ಗಂಜಿಗೆ ನೀರು ಎಷ್ಟು ಹಾಕಬೇಕು?"

ನೆಲದ ಮೇಲಿನಿಂದ ಕಾವ್ಯಾ ಕಣ್ಣೊರೆಸಿಕೊಳ್ಳುತ್ತ ಹೇಳಿದಳು: "ಆರು ವಾಟಿ ಹಾಕ್ರಿ ಮಾವಾರ. ಕುದಿಯೂ ತನಕ ಅಲ್ಲೇ ನಿಂದ್ರಬೇಕು."