ಗಾಳಿ ತಾಗಬಾರದ ಶೀಶೆ

ಸೋಮವಾರ ಬೆಳಿಗ್ಗೆ 9.40ಕ್ಕೆ ಪ್ರೊಫೆಸರ್ ವ್ಯಾಲೆಂಟೈನ್ ಮಣಿಪಾಲದ ಠಾಣೆಗೆ ಬಂದು ದೂರು ಕೊಟ್ಟರು: ಕಾಲೇಜಿನ ಲ್ಯಾಬಿನಿಂದ ಪಲ್ಲಾಡಿಯಂ ಎಂಬ ಬೆಲೆಬಾಳುವ ಲೋಹದ ಸಂಕೀರ್ಣವಿದ್ದ ಶೀಶೆ ಕಳವಾಗಿದೆ.

ಇನ್‌ಸ್ಪೆಕ್ಟರ್ ರೂಪೇಶ್ ಎಫ್‌ಐಆರ್ ದಾಖಲಿಸಿಕೊಂಡರು. ದೂರು ಕೊಟ್ಟವರನ್ನೇ ಮೊದಲು ಸಂಶಯಿಸುವುದು ಅವರ ಹಳೆಯ ಚಾಳಿ.

"ಅದರಿಂದ ಎಂತ ಉಪಯೋಗ ಸರ್?"

"ಅದು ವೇಗವರ್ಧಕ. ಆಲ್ಕೈನ್ ಎಂಬ ಸಂಯುಕ್ತದಲ್ಲಿ ಇಂಗಾಲಗಳ ನಡುವೆ ಮೂರು ಬಂಧ ಉಂಟು. ಹೈಡ್ರೋಜನ್ ಸೇರಿಸಿ ಎರಡಕ್ಕೆ ಇಳಿಸಿ ನಿಲ್ಲಿಸಬೇಕು. ಒಂದಕ್ಕೆ ಇಳಿದರೆ ಸರಕು ಹಾಳು. ನಮ್ಮದನ್ನು ಹಾಕಿದರೆ ಎರಡು ಬಂಧದಲ್ಲೇ ನಿಲ್ಲುತ್ತದೆ. ನಾಳೆ ಔಷಧ ಕಂಪೆನಿಯವರಿಗೆ ಮಾಡಿ ತೋರಿಸಬೇಕಿತ್ತು."

"ಕಂಡುಹಿಡಿದದ್ದು ನೀವಾ?"

"ನನ್ನ ವಿದ್ಯಾರ್ಥಿನಿ ಕ್ಯಾರೆನ್. ಅವಳ ಪಿಎಚ್‌ಡಿಯೇ ಅದರ ಮೇಲೆ."

11.30ಕ್ಕೆ ಲ್ಯಾಬಿನಲ್ಲಿ ಪಂಚನಾಮೆ. ಬೀಗ ಮುರಿದಿರಲಿಲ್ಲ. ಅಕ್ಕಸಾಲಿಗನಿಗಾದರೂ ಮಾರಬಹುದಾಗಿದ್ದ ಪಲ್ಲಾಡಿಯಂ ಲವಣದ ಡಬ್ಬಿ ಪಕ್ಕದಲ್ಲೇ ಇತ್ತು. ಅದನ್ನು ಕಳ್ಳ ಮುಟ್ಟಿಯೂ ಇರಲಿಲ್ಲ. ಗಾಳಿ ತಾಗಿ ಕೆಡಬಾರದೆಂದು ಶೀಶೆಯನ್ನು ಇಟ್ಟಿದ್ದದ್ದು ನೈಟ್ರೋಜನ್ ತುಂಬಿದ ಗಾಜಿನ ಪೆಟ್ಟಿಗೆಯಲ್ಲಿ. ಅದರ ಹೊರಬಾಗಿಲ ಗೂಡಿನ ಗಾಳಿಯನ್ನು ಮೂರು ಸಲ ಎಳೆದು ನೈಟ್ರೋಜನ್ ತುಂಬಿಸಿದ ಮೇಲೆಯೇ ವಸ್ತು ಹೊರತೆಗೆಯುವುದು ಕ್ರಮ. ಪೆಟ್ಟಿಗೆಯ ಯಂತ್ರದ ದಾಖಲೆಯ ಪ್ರಕಾರ ಭಾನುವಾರ ಮಧ್ಯಾಹ್ನ 2.10ರಿಂದ ಇಪ್ಪತ್ತೈದು ನಿಮಿಷ ಆ ಕ್ರಮ ಚಾಚೂ ತಪ್ಪದೆ ನಡೆದಿತ್ತು.

"ಕಳ್ಳನಿಗೆ ಇಷ್ಟು ತಾಳ್ಮೆಯಾ ಮಾರಾಯ್ತಿ?" ಎಂದು ರೂಪೇಶ್ ಕಾನ್‌ಸ್ಟೆಬಲ್ ಹರ್ಷಿಣಿಯನ್ನು ಕೇಳಿದರು.

"ಕದ್ದದ್ದು ಕೆಡಬಾರದು ಅಂತ ಇರಬೇಕು ಸರ್."

ಆ ಯಂತ್ರ ನಡೆಸಲು ಬರುತ್ತಿದ್ದದ್ದು ವ್ಯಾಲೆಂಟೈನ್ ಮತ್ತು ಕ್ಯಾರೆನ್ ಇಬ್ಬರಿಗೆ ಮಾತ್ರ. ವ್ಯಾಲೆಂಟೈನ್ ಭಾನುವಾರವಿಡೀ ಕಾರ್ಕಳದ ಮದುವೆಯಲ್ಲಿದ್ದರು. ಫೋಟೋ ನೋಡುವವರೆಗೂ ರೂಪೇಶ್ ನಂಬಲಿಲ್ಲ.

ಸಂಜೆ 4.15ಕ್ಕೆ ಶಿರ್ವದಲ್ಲಿ ಕ್ಯಾರೆನ್ ಮನೆಯ ಶೋಧ. ತನಗೇನೂ ಗೊತ್ತಿಲ್ಲ ಎಂದಳು ಅವಳು. ಹರ್ಷಿಣಿ ಫ್ರಿಜ್ ತೆರೆದದ್ದೇ ತಡ, ತಾಯಿ ರೋಸಲಿನ್ ಓಡಿ ಬಂದರು.

"ಮೀನಿನ ಹಿಂದೆ ಇರುವುದನ್ನು ಮುಟ್ಟಬೇಡಿ ಆಯ್ತಾ? ಗಾಳಿ ತಾಗಬಾರದಂತೆ, ತಂಪಲ್ಲೇ ಇರಬೇಕಂತೆ. ಮಗಳ ನಾಲ್ಕು ವರ್ಷದ ಕೆಲಸ ಅದು."

ಪಾಪ, ಅವರಿಗೇನು ಗೊತ್ತು! ಬಂಗುಡೆಯ ಪಾತ್ರೆಯ ಹಿಂದೆ ಶೀಶೆ ಇತ್ತು. ಮುಚ್ಚಳಕ್ಕೆ ಮೇಣದ ಪಟ್ಟಿ ಬಿಗಿಯಾಗಿ ಸುತ್ತಿತ್ತು. ಲ್ಯಾಬಿನ ಅಭ್ಯಾಸದಂತೆ ಚೀಟಿಯ ಮೇಲೆ ಭಾನುವಾರದ ತಾರೀಕು, ಕೆಳಗೆ ಕ್ಯಾರೆನ್‌ಳದೇ ಹೆಸರು. 5.20ಕ್ಕೆ ಹರ್ಷಿಣಿ ಅವಳನ್ನು ಬಂಧಿಸಿದಳು.

"ಕಾಪು ಕಡಲಿಗೆ ಎಸೆಯಬಹುದಿತ್ತಲ್ಲ?" ರೂಪೇಶ್ ಕೇಳಿದರು.

"ನಾಳೆ ಕಂಪೆನಿಯವರ ಎದುರು ಅದು ಎರಡು ಬಂಧದಲ್ಲಿ ನಿಲ್ಲುತ್ತಿರಲಿಲ್ಲ ಸರ್. ಮೂರು ಸಲ ನಿಂತಿತು ಅಂತ ಪ್ರಬಂಧದಲ್ಲಿ ಬರೆದಿದ್ದೇನೆ. ಎರಡು ಸಲದ್ದು ಸುಳ್ಳು."

"ಇನ್ನೊಂದು?"

"ನಿಜ. ಒಂದೇ ಒಂದು ಸಲ ನಿಂತಿತ್ತು. ಆಮೇಲೆ ಎಷ್ಟು ಮಾಡಿದರೂ ಆಗಲಿಲ್ಲ." ಅವಳು ಅಳುತ್ತಿದ್ದಳು. "ಎಸೆಯಲು ಮನಸ್ಸು ಬರಲಿಲ್ಲ."

ರೂಪೇಶರಿಗೆ ಮೊದಲ ಸಲ ಸಂಶಯ ಬರಲಿಲ್ಲ, ಸಂಕಟವಾಯಿತು. ಶೀಶೆಗೆ ಅರಗಿನ ಮುದ್ರೆ ಒತ್ತುವಾಗ ಕ್ಯಾರೆನ್ ಮೆಲ್ಲಗೆ ಕೇಳಿದಳು:

"ಠಾಣೆಯಲ್ಲಿ ಫ್ರಿಜ್ ಉಂಟಾ ಸರ್?"

ಇರಲಿಲ್ಲ.